ಶುದ್ಧ ಬೆಳ್ಳಿ ಕರಡಿಗೆ

"ಲಿಂಗ ಮುನಿದಾನ್ರೀ ಡಾಕ್ಟರೇ. ಇಕಿ ಏನೋ ಮೈಲಿಗಿ ಮಾಡ್ಕೊಂಡಾಳ," ಎನ್ನುತ್ತ ವೀರಭದ್ರಮ್ಮ ಸೊಸೆಯ ಸೆರಗನ್ನು ತಾವೇ ಸರಿಸಿ ತೋರಿಸಿದರು. ಕೊರಳಲ್ಲಿ ಇಷ್ಟಲಿಂಗವನ್ನಿಟ್ಟು ಕಟ್ಟಿಕೊಳ್ಳುವ ಪುಟ್ಟ ಕರಡಿಗೆ ತಾಗುವ ಜಾಗದಲ್ಲಿ, ಅದೇ ಕರಡಿಗೆಯ ಆಕಾರಕ್ಕೆ ಶಿವಗಂಗಾಳ ಎದೆಯ ಚರ್ಮ ಕೆಂಪಗೆ ಬಾತು, ಒಡೆದು, ನೀರು ಒಸರುತ್ತಿತ್ತು. ಕೇಳದೆ ಸೆರಗಿಗೆ ಕೈಹಾಕಿದ್ದಕ್ಕೆ ಅವಳ ಮುಖವೂ ಅಷ್ಟೇ ಕೆಂಪಾಗಿತ್ತು.

ರಾಯಚೂರಿನ ಈ ಚರ್ಮದ ಡಾಕ್ಟರ ಹತ್ತಿರ ಅತ್ತೆ ಬಂದದ್ದು ಔಷಧಕ್ಕಲ್ಲ. 'ವಾಸಿಯಾಗದ ರೋಗ' ಎಂಬ ಒಂದು ಮಾತು ಡಾಕ್ಟರ ಬಾಯಿಂದ ಬಿದ್ದರೆ ಸಾಕಿತ್ತು, ಸೊಸೆಯನ್ನು ಮಾನ್ವಿಗೆ ಮರಳಿ ಕರೆದೊಯ್ಯದೆ ಇಲ್ಲಿಂದಲೇ ದೇವದುರ್ಗದ ಬಸ್ಸು ಹತ್ತಿಸಿ ತವರಿಗೆ ಅಟ್ಟುವುದು. ಅದಕ್ಕೆಂದೇ ಅವಳ ಬಟ್ಟೆಯ ಚೀಲವನ್ನೂ ತುಂಬಿ ತಂದಿದ್ದರು. ಎಂಥ ಮುಂದಾಲೋಚನೆ! ತಿಂಗಳಿಂದ ದೇವರ ಕೋಣೆಗೆ ಕಾಲಿಡಗೊಡದೆ, ತಟ್ಟೆ ಲೋಟ ಬೇರೆ ಇಟ್ಟು, ಬಂದವರೆದುರೆಲ್ಲ ಆಡಿಕೊಂಡದ್ದು ಅವರಿಗೆ ಸಾಲದಾಗಿತ್ತು.

ಡಾಕ್ಟರ್ ಜಾಹೆದಾ ಗಾಯವನ್ನು ನೋಡಿದರು, ಕರಡಿಗೆಯನ್ನು ನೋಡಿದರು. "ಇದು ಯಾತರದು?"

"ಶುದ್ಧ ಬೆಳ್ಳಿದ್ರೀ! ರೈಸ್‌ಮಿಲ್ಲಿನವರು ನಾವು. ಮದುವಿ ಮಂಟಪದಾಗ ಮೈಕಿನಾಗ ಹೇಳಿಸಿ ಕೊಟ್ಟೀವಿ."

ಡಾಕ್ಟರ ಕೈ ಕರಡಿಗೆಯತ್ತ ಬಂದೊಡನೆ ವೀರಭದ್ರಮ್ಮನ ಹುಬ್ಬು ಗಂಟಾಯಿತು. ಜಾಹೆದಾ ಅದನ್ನು ಕಂಡು ಕೈ ಹಿಂದಕ್ಕೆಳೆದುಕೊಂಡರು. ಒಂದು ಹತ್ತಿ ಕಡ್ಡಿಗೆ ಪುಟ್ಟ ಬಾಟಲಿಯಿಂದ ಎರಡು ಹನಿ ಬಿಟ್ಟು ಶಿವಗಂಗಾಳ ಕೈಗೇ ಕೊಟ್ಟರು. "ನಾ ಮುಟ್ಟಂಗಿಲ್ಲ. ಕರಡಿಗಿ ಮ್ಯಾಲ ನೀವೇ ಒರಸ್ರಿ."

ಶಿವಗಂಗಾ ಗಟ್ಟಿಯಾಗಿ ಒರೆಸಿದಳು. ಬಿಳಿ ಹತ್ತಿ ನೋಡನೋಡುತ್ತಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗಿತು.

"ಗುಲಾಬಿ ಆತಂದ್ರ ಇದರಾಗ ನಿಕ್ಕಲ್ ಲೋಹ ಅದ," ಎಂದರು ಡಾಕ್ಟರು. "ಬೆವರಿಗಿ ಕರಗಿ ಚರ್ಮದಾಗ ಇಳೀತದ. ನಮ್ಮ ಮೈಯಾಗ ಕಾವಲು ಕಾಯೋ ಕಣ ಇರ್ತಾವ. ಕೆಲವರ ಮೈಯಾಗ ಅವು ಇದನ್ನ ವೈರಿ ಅಂತ ಗುರುತು ಹಿಡೀತಾವ. ಆಮ್ಯಾಲ ಅದು ತಾಗಿದಾಗೆಲ್ಲ ಗುಂಪುಕಟ್ಟಿ ಬಂದು ಬಡಿದಾಡ್ತಾವ. ಆ ಬಡಿದಾಟದ್ದೇ ಈ ಉರಿ, ಈ ಬಾವು. ಒಮ್ಮೆ ಗುರುತು ಹಿಡಿದ್ವು ಅಂದ್ರ ಸಾಯೋತನಕ ಮರೆಯಂಗಿಲ್ಲ. ಮೈಲಿಗಿ ಅಲ್ಲ, ಅಂಟುರೋಗಾನೂ ಅಲ್ಲ. ಕರಡಿಗಿ ತಗದ್ರ, ಮುಲಾಮು ಹಚ್ಚಿದ್ರ, ಗಾಯ ಮಾಯ್ತದ."

"ಮ್ಯಾಲ ಬರೇ ಬೆಳ್ಳಿ ನೀರು ಕುಡಿಸಿದ್ರ ಯಾರಿಗೂ ಗೊತ್ತಾಗಂಗಿಲ್ಲ ಅಂತ ಅಂಗಡಿಯಾಂವ..." ಎಂದ ವೀರಭದ್ರಮ್ಮ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಶಿವಗಂಗಾ ಎದ್ದು ನಿಂತಳು. ತಿಂಗಳಿಂದ ನುಂಗಿದ್ದೆಲ್ಲ ಗಂಟಲಿಗೆ ಬಂತು.

"ಯಾರಿಗೂ ಗೊತ್ತಾಗಂಗಿಲ್ಲ ಅಂತ! ಕರಡಿಗಿ ಕೊಡದೇ ಬಿಟ್ಟಿದ್ರ ಲಿಂಗಾನ ಅರಿವಿ ತುಂಡಿನಾಗ ಕಟ್ಕೊಂತಿದ್ನಿ, ಒಂದು ಮಾತು ಕೇಳ್ತಿದ್ದಿಲ್ಲ. ಸುಳ್ಳು ಕೊಟ್ರಿ. ಆ ಸುಳ್ಳಿಗಿ ನನ್ನ ಮೈ ಸುಟ್ರ, ಮೈಲಿಗಿ ಅಂತ ನನ್ನ ತವರಿಗಿ ಹೇಳಿ ಕಳಿಸಿದ್ರಿ! ಏನು ತಪ್ಪು ಮಾಡೀದಿ ಮಗಳೇ ಅಂತ ನಮ್ಮವ್ವ ದಿನಾ ಫೋನಿನಾಗ ಅಳಾಕತ್ತಾಳ. ಅಕಿಗಿ ಏನಂತ ಹೇಳ್ಲಿ?"

ಅವಳು ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯಲ್ಲಿಟ್ಟುಕೊಂಡು ಕಣ್ಣಿಗೊತ್ತಿಕೊಂಡಳು. ಚೀಲದಿಂದ ಒಗೆದ ಬಿಳಿ ವಸ್ತ್ರವೊಂದನ್ನು ತೆಗೆದು, ಅದರಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಬರಿದಾದ ಕರಡಿಗೆಯನ್ನು ಅತ್ತೆಯ ಅಂಗೈಗೆ ಹಾಕಿದಳು.

"ಮೆಲ್ಲಕ ಮಾತಾಡ, ಹೊರಗ ಮಂದಿ ಕುಂತಾರ," ವೀರಭದ್ರಮ್ಮ ಬಾಗಿಲತ್ತ ನೋಡಿದರು. "ಆತು, ಮನಿಗಿ ನಡಿ. ಖರೇ ಬೆಳ್ಳಿದೇ ಮಾಡಸ್ತೀನಿ. ಇದನ್ನ ಇಲ್ಲೇ ಮರತ್ಬಿಡು."

ಶಿವಗಂಗಾ ಚೀಲವನ್ನು ಹೆಗಲಿಗೇರಿಸಿದಳು.

"ಮನಿಗಿ ಬರ್ತೀನಿ ಅತ್ತಿ. ಇವತ್ತು ದೇವರ ಕ್ವಾಣಿಗಿ ಮೊದಲು ನಾನೇ ಹೋಗ್ತೀನಿ. ಆದ್ರ ಮರೆಯೂದು ನನ್ನ ಕೈಯಾಗಿಲ್ಲ. ಚರ್ಮ ಮರೆಯಂಗಿಲ್ಲಂತ, ಡಾಕ್ಟರು ಈಗ ಹೇಳಿದ್ರಲ್ಲ."