ಬಾದಾಮಿ ಹಿಟ್ಟಿನ ಬನ್ನು

"ಹದಿಮೂರು," ಎಂದಳು ಕೈಸಾ. ತೋಳಿಗೆ ಅಂಟಿಸಿಕೊಂಡ, ಸಕ್ಕರೆ ಅಳೆಯುವ ಬಿಲ್ಲೆಯಿಂದ ಫೋನಿಗೆ ಬಂದ ಅಂಕಿ ಅದು. ಅತ್ತೆಯ ಜೊತೆ ಸೌನಾದ ಹಬೆಯಲ್ಲಿ ಕೂತು, ಮಿಂದು ಬಂದು ಒಂದೂವರೆ ಗಂಟೆಯಾಗಿತ್ತು. ಅಲ್ಲಿನ ಅಳತೆಯಲ್ಲಿ ರಕ್ತದ ಸಕ್ಕರೆ ಆರರ ಆಸುಪಾಸಿನಲ್ಲಿ ಇರಬೇಕಿತ್ತು. ಸೊಂಟದ ಇನ್ಸುಲಿನ್ ಪಂಪಿನ ಗುಂಡಿ ಒತ್ತಿ ಆಗಲೇ ಎರಡು ಸಲ ಹೆಚ್ಚುವರಿ ಇನ್ಸುಲಿನ್ ಬಿಟ್ಟುಕೊಂಡಿದ್ದಳು. ಫೋನಿನ ಬಾಣ ಮಾತ್ರ ಮೇಲಕ್ಕೇ ಮುಖ ಮಾಡಿತ್ತು.

ಕಾಫಿ ಬಗ್ಗಿಸುತ್ತಿದ್ದ ಹಿಲ್ಕಾ ಕೈ ತಡೆದರು. "ಜಾಸ್ತಿನಾ?"

"ತುಂಬಾ. ಬೆಳಗ್ಗಿಂದ ನಾನು ತಿಂದಿರೋದು ಮೊಟ್ಟೆ, ಮೀನು, ಆಮೇಲೆ ನಿಮ್ಮ ಬನ್ನು ಎರಡು." ಕೈಸಾ ತಟ್ಟೆಯನ್ನು ದೂರ ತಳ್ಳಿದಳು. "ಅತ್ತೆ, ನಿಜ ಹೇಳಿ. ಇದಕ್ಕೆ ಏನೇನ್ ಹಾಕಿದ್ರಿ?"

"ಬಾದಾಮಿ ಹಿಟ್ಟು, ಮೊಟ್ಟೆ, ಬೆಣ್ಣೆ, ಏಲಕ್ಕಿ."

"ಗೋಧಿ ಹಿಟ್ಟು ಒಂದ್ ಚಮಚನೂ ಇಲ್ವಾ? ಕ್ರಿಸ್‌ಮಸ್‌ನಲ್ಲಿ ಸಾರಿಗೆ ಹಾಕಿದ ಹಾಗೆ?"

ಹಾಕಿದ್ದು ನಿಜ. ಒಂದು ಚಮಚ ಹಿಟ್ಟಿಗೆ ಯಾರೂ ಸತ್ತಿಲ್ಲ, ಆಲೂಗಡ್ಡೆ ಮುಟ್ಟದ ಸೊಸೆ ಈ ಕೆರೆದಂಡೆಗೆ ಇವಳೇ ಮೊದಲು ಎಂದು ಹಿಲ್ಕಾ ಆಗ ನಕ್ಕಿದ್ದರು ಕೂಡ. ಈಗ ಅವರು ನಗಲಿಲ್ಲ. ಎದ್ದು ಹೋಗಿ ಕಸದ ಬುಟ್ಟಿಯಿಂದ ಮೂರು ಖಾಲಿ ಪೊಟ್ಟಣ ತಂದು ಮೇಜಿನ ಮೇಲಿಟ್ಟರು. "ನಮ್ಮೂರ ಅಂಗಡೀಲಿ ಇದು ಸಿಗಲ್ಲ. ಬಸ್ ಡ್ರೈವರ್‌ಗೆ ಹೇಳಿ ಪಟ್ಟಣದಿಂದ ತರಿಸ್ದೆ. ಮೊದಲನೇ ಸಲ ಇಟ್ಟಿಗೆ ಆಯ್ತು. ಎರಡನೇದನ್ನ ನಾಯೀನೂ ಮೂಸಲಿಲ್ಲ. ಇದು ಮೂರನೇದು."

ಕೈಸಾ ಪೊಟ್ಟಣಗಳ ಕಡೆ ನೋಡಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಬನ್ನುಗಳನ್ನು ಎತ್ತಿಕೊಂಡು, ಬಾಗಿಲು ತೆರೆದು ಹಿಮದ ಮೇಲೆ ಎಸೆದು ಬಂದಳು. ಹಿಲ್ಕಾ ಖಾಲಿ ತಟ್ಟೆಯನ್ನು ತೊಳೆಯುವ ಕಡೆಗೆ ಒಯ್ದರು, ಅಷ್ಟೆ.

ಅಂಕಿ ಹದಿನಾಲ್ಕೂವರೆಯಾಯಿತು. ಕೈಸಾಳ ನಾಲಿಗೆ ಒಣಗಿತು. ಬೆರಳು ಚುಚ್ಚಿ, ಮೈ ಕೊಬ್ಬು ಕರಗಿಸುವಾಗ ರಕ್ತಕ್ಕೆ ಸೇರುವ ಕೀಟೋನು ಎಷ್ಟಿದೆ ನೋಡಿಕೊಂಡಳು: ಎರಡು ದಾಟಿತ್ತು. ಹಿಟ್ಟು ಸಕ್ಕರೆ ಬಿಟ್ಟು ಉಣ್ಣುವವರಿಗೆ ಅದು ಸ್ವಲ್ಪ ಇದ್ದೇ ಇರುತ್ತದೆ, ಆದರೆ ಇಷ್ಟಿರುವುದಿಲ್ಲ. ಬನ್ನಿನಿಂದ ಸಕ್ಕರೆ ಏರೀತು, ಕೀಟೋನು ಏರದು. ಇನ್ಸುಲಿನ್ ಮೈಗೆ ಸಿಗದಿದ್ದಾಗ ಮಾತ್ರ ಅದು ಹೀಗೆ ವಿಷದಂತೆ ಏರುವುದು. ಪಂಪಿನ ನಳಿಕೆ ನೋಡಿದಳು, ಎಲ್ಲೂ ಮಡಚಿರಲಿಲ್ಲ. ಸೂಜಿ ಇದ್ದಲ್ಲೇ ಇತ್ತು. ಮತ್ತೇನು? ಗಂಡ ಇಲ್ಮರಿ ಕಾರು ತೆಗೆದುಕೊಂಡು ಊರಿಗೆ ಹೋಗಿದ್ದ. ಆಸ್ಪತ್ರೆ ಅರವತ್ತು ಕಿಲೋಮೀಟರ್ ದೂರ. ಅವನಿಗೆ ಫೋನು ಮಾಡಿದರೆ ಗಂಟೆ ಬರೀ ಬಡಿದುಕೊಂಡಿತು.

"ಮಗು," ಹಿಲ್ಕಾ ಹಿಂದಿನಿಂದ ಮೆಲ್ಲಗೆ ಕೇಳಿದರು, "ಆ ಪಂಪಿಗೆ ಇನ್ನೂ ಚಳಿ ಬಿಟ್ಟಿಲ್ವೇನೋ. ಮತ್ತೆ ಹೊಗೆಕೊಳವೆ ಹತ್ರ ನೇತುಹಾಕಲಾ?"

ಕೈಸಾ ತಿರುಗಿದಳು. "ಮತ್ತೆ ಅಂದ್ರೆ?"

"ನೀನು ಒಳಗೆ ಹಬೇಲಿದ್ದಾಗ ನಾನು ಸೌದೆಗೆ ಅಂತ ಎದ್ದು ಬಂದೆನಲ್ಲ. ನೀನು ಪಂಪು ಬಿಚ್ಚಿ ಬಟ್ಟೆ ಬದಲಿಸೋ ಕೋಣೆ ಕಿಟಕೀಲಿ ಇಟ್ಟಿದ್ದೆ. ಗಾಜಿನ ಮೇಲೆಲ್ಲ ಮಂಜುಗಟ್ಟಿತ್ತು. ಪಾಪ, ಒಳಗಿನ ಔಷಧಿ ಹೆಪ್ಪುಗಟ್ಟೀತು ಅಂತ ಉಣ್ಣೆ ಕಾಲುಚೀಲಕ್ಕೆ ಹಾಕಿ, ಹೊಗೆಕೊಳವೆ ಪಕ್ಕ ಕೈಗವಸು ಒಣಗ್ಸೋ ಮೊಳೆಗೆ ಸಿಗಿಸ್ದೆ."

ಮಿಂದು ಬಂದಾಗ ಅತ್ತೆಯೇ ಪಂಪನ್ನು ಕೈಗೆ ಕೊಟ್ಟಿದ್ದರು. ಅದು ಬಿಸಿಯಾಗಿತ್ತು. ಮುದುಕಿಯ ಅಂಗೈ ಎಷ್ಟು ಬೆಚ್ಚಗಿದೆ ಎಂದುಕೊಂಡು ಕೈಸಾ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಇನ್ಸುಲಿನ್ ಬೆಂದುಹೋಗಿದೆ ಅತ್ತೆ. ಇಷ್ಟೊತ್ತೂ ನಾನು ಬರೀ ನೀರು ಬಿಟ್ಕೊಂಡಿದೀನಿ." ಹೇಳುತ್ತಲೇ ಅವಳು ಫ್ರಿಜ್ಜಿಗೆ ಓಡಿದಳು. ಅಲ್ಲಿಟ್ಟಿದ್ದ ಇನ್ಸುಲಿನ್ ಪೆನ್ನು ತೆಗೆದು ಹೊಟ್ಟೆಗೆ ಚುಚ್ಚಿಕೊಂಡಳು. ಪಂಪಿನ ಔಷಧಿ ಚೆಲ್ಲಿ, ಹೊಸ ನಳಿಕೆ ಹಾಕಿ, ಹೊಸದನ್ನು ತುಂಬಿದಳು. ಹಿಲ್ಕಾ ದೀಪವನ್ನು ಹತ್ತಿರಕ್ಕೆ ಸರಿಸಿ ಹಿಡಿದುಕೊಂಡು ನಿಂತರು.

"ನಾನೇ ನಿನ್ನ ಕೊಂದುಬಿಡ್ತಿದ್ನಲ್ಲೇ."

"ಸುಮ್ನಿರಿ ಅತ್ತೆ. ಗಡಿಯಾರ ನೋಡಿ."

ಹಿಲ್ಕಾ ಗಡಿಯಾರ ನೋಡಿದರು, ಕೈಸಾ ಫೋನು ನೋಡಿದಳು. ಹದಿನೈದು. ಹದಿನೈದು. ಹದಿನೈದು ದಾಟಿ ಇನ್ನೂ ಮೇಲೆ. ಲೋಟ ಲೋಟ ನೀರು ಬಂದು ಮುಂದೆ ನಿಲ್ಲುತ್ತಿತ್ತು, ಅವಳು ಕುಡಿಯುತ್ತಿದ್ದಳು. ನಲವತ್ತು ನಿಮಿಷದ ಮೇಲೆ ಬಾಣ ಅಡ್ಡಕ್ಕೆ ಮಲಗಿತು. ಆಮೇಲೆ ನಿಧಾನವಾಗಿ ಕೆಳಕ್ಕೆ ಬಾಗಿತು. ಹದಿನಾಲ್ಕು. ಹನ್ನೆರಡು. ಮತ್ತೆ ಬೆರಳು ಚುಚ್ಚಿದಾಗ ಕೀಟೋನೂ ಇಳಿದಿತ್ತು.

"ಒಂಬತ್ತು," ಎಂದಳು ಕೈಸಾ. ಹೇಳಬೇಕಾದ್ದು ಇನ್ನೊಂದಿತ್ತು. ಆದರೆ ಅಷ್ಟರಲ್ಲಿ ಹಿಲ್ಕಾ, ಖಾಲಿ ಪೊಟ್ಟಣಗಳನ್ನು ಒಂದರ ಮೇಲೊಂದಿಟ್ಟು ಅಂಗೈಯಿಂದ ನೀವುತ್ತಾ, ತಲೆಯೆತ್ತದೆ ಕೇಳಿದರು:

"ಹಾಗಾದ್ರೆ ಬನ್ನು ಚೆನ್ನಾಗಿತ್ತಾ?"

ಕೈಸಾ ಕಿಟಕಿಯಾಚೆ ನೋಡಿದಳು. ಹಿಮದ ಮೇಲೆ ಬನ್ನುಗಳಿರಲಿಲ್ಲ. ಅವು ಬಿದ್ದಲ್ಲಿ ಆಗಿದ್ದ ನಾಲ್ಕು ಗುಂಡಿಗಳು ಮತ್ತು ಸುತ್ತಲೂ ಒತ್ತೊತ್ತಾಗಿ ಹಕ್ಕಿಗಳ ಹೆಜ್ಜೆಗಳಷ್ಟೇ ಉಳಿದಿದ್ದವು.