ನಾಳ ಜೋಡಣೆಗೆ ಒಂದು ತಕರಾರು

ಹದಿನೆಂಟು ತುಂಬಿದ ಗಂಡುಮಕ್ಕಳಿಗೆಲ್ಲ ವೀರ್ಯನಾಳ ಕತ್ತರಿಸುವುದು ಕಾನೂನು. ಮಗು ಬೇಕಾದವರು ಮತ್ತೆ ಜೋಡಿಸಿಕೊಳ್ಳಲು ಅರ್ಜಿ ಹಾಕಬೇಕು. ಆಮೇಲೆ ಯಾರದಾದರೂ ತಕರಾರಿದೆಯೇ ಎಂದು ಮನೆ ಬಾಗಿಲಿಗೆ ಮೂವತ್ತು ದಿನ ನೋಟಿಸ್ ಅಂಟಿಸುತ್ತಾರೆ. ಅರ್ಜಿ ಹಾಕಿದ್ದ ವೀರಭದ್ರ ಆ ಮೂವತ್ತು ದಿನವೂ ಓಣಿಯ ನಾಯಿಗೂ ನಮಸ್ಕಾರ ಹಾಕಿಕೊಂಡೇ ಓಡಾಡಿದ್ದ.

"ಕೂದಲಕ್ಕಿಂತ ಸಣ್ಣ ದಾರದ್ಲೆ ಹೊಲೀಬೇಕ್ರೀ. ಕತ್ತರಿಸಿ ಹದಿನೆಂಟು ವರ್ಷ ಆಗೇತಿ. ಇನ್ನೂ ತಡಾ ಮಾಡಿದ್ರ, ಜೋಡಿಸಿದ್ರೂ ಮಕ್ಕಳಾಗೋದು ಕಷ್ಟ" ಎನ್ನುತ್ತ ಡಾಕ್ಟರ್ ಫೈಲು ಬಿಚ್ಚಿದರು. "ಆದ್ರ ಒಂದು ತಕರಾರು ಬಂದೈತಿ."

"ಮ್ಯಾಲಿನ ಮನಿಯವರದೇನ್ರೀ?" ವೀರಭದ್ರನ ಹೆಂಡತಿ ಶಶಿಕಲಾ ಕೇಳಿದಳು.

"ಅಲ್ಲ, ನಿಮ್ಮ ಅತ್ತಿಯವರದು."

ಡಾಕ್ಟರ್ ಕನ್ನಡಕ ಏರಿಸಿಕೊಂಡು ಓದಿದರು: "ನನ್ನ ಮಗನಿಗೆ ಮೂವತ್ತಾರು ವರ್ಷ. ಉಂಡ ತಾಟು ಎತ್ತುವುದಿಲ್ಲ. ಟವೆಲ್ ಕೈಗೆ ಕೊಡದಿದ್ದರೆ ಬಚ್ಚಲಿನಿಂದ ಹೊರಗೆ ಬರುವುದಿಲ್ಲ. ಮನೆಯಲ್ಲಿರುವ ಕೂಸೇ ಇನ್ನೂ ದೊಡ್ಡದಾಗಿಲ್ಲ. ಇನ್ನೊಂದು ಸದ್ಯಕ್ಕೆ ಬೇಡ."

ವೀರಭದ್ರನ ಕಿವಿ ಕೆಂಪಾದವು. "ಏ ಶಶಿ, ನೀನರ ಹೇಳು!"

ಶಶಿಕಲಾ ಪೆನ್ನಿಗಾಗಿ ಡಾಕ್ಟರ ಮುಂದೆ ಕೈ ಚಾಚಿದಳು.

"ಅತ್ತಿಯವರ ಸಹಿ ಕೆಳಗ ಸ್ವಲ್ಪ ಜಾಗಾ ಐತೇನ್ರೀ?"