ಕಲಿಸಿದವರ ಸಹಿ

“‘ಕವನ ಮೇಡಂ ಟಾಟ್ ಮಿ, ಸರ್.’ ಎಲ್ಲಿ, ಹೇಳಿ ನೋಡೋಣ.” ಕವನ ಹೇಳಿಕೊಟ್ಟಳು.

ಪುಟ್ಟಯ್ಯ ಕೈಯ ಎಣ್ಣೆ ಒರೆಸಿಕೊಂಡ. ಮಾಚೇನಹಳ್ಳಿಯ ಆ ಸಣ್ಣ ಕಾರ್ಖಾನೆಗೆ ಮಧ್ಯಾಹ್ನ ಗುಣಮಟ್ಟ ತಪಾಸಣೆಗೆ ಐಎಸ್‌ಒ ಆಡಿಟರು ಬರುವವರಿದ್ದರು. ಕೆಲಸ ಕಲಿಸಿದವರ ಸಹಿಯಿರುವ ಫಾರಂ ಇಲ್ಲದವರನ್ನು ಕಬ್ಬಿಣ ಕಡೆಯುವ ಲೇತ್ ಯಂತ್ರದಿಂದ ಬಿಡಿಸಿ ವಾಚ್‌ಮನ್ ಕೆಲಸಕ್ಕೆ ಹಾಕುವುದಾಗಿ ಮ್ಯಾನೇಜರ್ ವಿಜಯೇಂದ್ರ ಹೇಳಿಬಿಟ್ಟಿದ್ದರು. ಇಪ್ಪತ್ತಾರು ವರ್ಷ ಲೇತ್ ನಡೆಸಿದ ಪುಟ್ಟಯ್ಯನ ಬಳಿ ಅಂಥ ಕಾಗದವೇ ಇರಲಿಲ್ಲ. ಸಹಿ ಹಾಕುವವರು ಇಂಜಿನಿಯರೇ ಆಗಿರಬೇಕಂತೆ. ಹಾಗಾಗಿ ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿ, ಅವನಿಂದಲೇ ಲೇತ್ ಕಲಿಯುತ್ತಿದ್ದ ಇಂಜಿನಿಯರ್ ಕವನ, ಅವನಿಗೆ ತಾನೇ ಕಲಿಸಿದೆನೆಂದು ಸಹಿ ಹಾಕಿದ್ದಳು.

“ಟಾಟ್ ಅಂದ್ರೆ?”

“ಟೀಚ್ ಮಾಡಿ ಮುಗಿದ್ರೆ ಟಾಟ್. ಕಲಿಸಿದ್ರು ಅಂತ. ಡಿಕ್ಷನರಿ ನೋಡ್ದೆ ಪುಟ್ಟಯ್ಯನೋರೇ, ಹಳೇ ಕಾಲದ ಇಂಗ್ಲಿಷಲ್ಲಿ ಆ ಮಾತಿಗೆ ತೋರಿಸೋದು ಅಂತ ಅರ್ಥವಂತೆ.”

“ನೀವು ನಂಗೇನು ತೋರಿಸಿದ್ರಿ ಕವನಮ್ಮ?”

“ಫಾರಂ ತೋರಿಸಿದ್ನಲ್ಲ! ಸುಮ್ನೆ ಹೇಳಿ ಮಾರಾಯ್ರೇ. ಇಲ್ಲಾ ಗೇಟಲ್ಲಿ ನಿಂತು ಸಲ್ಯೂಟ್ ಹೊಡೀತೀರೋ?”

ಊಟದ ಡಬ್ಬಿ ಬಿಚ್ಚುವಾಗಲೂ, ಕೈ ತೊಳೆಯುವಾಗಲೂ ಪುಟ್ಟಯ್ಯ ಅದನ್ನೇ ಜಪಿಸಿದ.

ಮೂರು ಗಂಟೆಗೆ ಬಂದ ಆಡಿಟರು ನೇರ ಅವನ ಮುಂದೆಯೇ ನಿಂತರು. “ಹೂ ಟಾಟ್ ಯು?”

“ಕವನ ಮೇಡಂ ಟಾಟ್ ಮಿ, ಸರ್!” ಪುಟ್ಟಯ್ಯ ಕೈಕಟ್ಟಿಕೊಂಡು ಒಂದೇ ಉಸಿರಿಗೆ ಒಪ್ಪಿಸಿದ. ವಿಜಯೇಂದ್ರರ ಮುಖ ಅರಳಿತು.

ಆಡಿಟರಿಗೂ ಖುಷಿಯಾಯಿತು. “ಗುರುಗಳೇ ಇಲ್ಲಿದ್ದಾರಲ್ಲ! ಮೇಡಂ, ಒಂದು ಪೀಸ್ ಮಾಡಿ ತೋರ್ಸಿ.”

ಕವನ ಕಬ್ಬಿಣದ ತುಂಡನ್ನು ಯಂತ್ರದ ಹಿಡಿತಕ್ಕೆ ಕೊಟ್ಟು, ಚೌಕ ತುದಿಯ ಕೀ ತೂರಿಸಿ ತಿರುಗಿಸಿ ಬಿಗಿದಳು. ಎಲ್ಲರೂ ನೋಡುತ್ತಿದ್ದ ಗಾಬರಿಯಲ್ಲಿ ಕೀಯನ್ನು ಅಲ್ಲೇ ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದಳು. ಯಂತ್ರ ಹಾಗೇ ತಿರುಗಿದ್ದರೆ ಕೀ ಸಿಡಿದು ಯಾರ ಮುಖಕ್ಕಾದರೂ ಬಡಿಯುತ್ತಿತ್ತು.

“ಕೀ ತೆಗಿಯೇ ಮಾರಾಯ್ತಿ!” ಪುಟ್ಟಯ್ಯ ಅವಳ ಕೈಗೆ ಫಟ್ಟನೆ ಹೊಡೆದ. “ದಿನಾ ಎಷ್ಟು ಸಲ ಬಡ್ಕೋಬೇಕು ನಿಂಗೆ?”

ವಿಜಯೇಂದ್ರ ತಲೆಯೆತ್ತಿ ಮಾಡಿನ ಶೀಟುಗಳನ್ನು ಎಣಿಸುವವರಂತೆ ನಿಂತರು. ಆಡಿಟರು ಫಾರಂ ನೋಡಿದರು, ಕವನಳನ್ನು ನೋಡಿದರು, ಪುಟ್ಟಯ್ಯನ ಕಡೆ ತಿರುಗಿದರು.

“ನಿಜ ಹೇಳಿ. ನಿಮಗೆ ಕಲಿಸಿದ್ದು ಯಾರು?”

“ನಮ್ಮ ಮಾವ ಸಾರ್, ಉಜ್ಜನಪ್ಪ. ಭದ್ರಾವತೀಲಿ. ತೀರ್ಕೊಂಡು ಹನ್ನೆರಡು ವರ್ಷ ಆಯ್ತು.”

“ಕಲಿಸಿದ್ದಕ್ಕೆ ಏನಾದ್ರೂ ದಾಖಲೆ?”

ಪುಟ್ಟಯ್ಯ ತಲೆಯ ಟೋಪಿ ತೆಗೆದು ಹಣೆಯನ್ನು ಮುಂದೆ ಚಾಚಿದ. ಎಡ ಹುಬ್ಬಿನ ಮೇಲೆ, ಕೀಯ ತುದಿಯಷ್ಟೇ ಅಗಲಕ್ಕೆ, ಅಚ್ಚು ಒತ್ತಿದಂತೆ ಒಂದು ಚೌಕ ಗುಳಿ.

“ಕೀ ತೆಗಿ ಅಂತ ಮಾವ ಒಂದೇ ಸಲ ಹೇಳಿದ್ದು ಸಾರ್. ಆಮೇಲೆ ಕೀನೇ ಹಾರಿ ಬಂದು ಹೇಳ್ತು.”

ಆಡಿಟರು ಬಗ್ಗಿ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಆ ಗುಳಿಯನ್ನು ಯಾವ ಕಾಲಂನಲ್ಲಿ ಬರೆಯುವುದೆಂದು ಫಾರಮ್ಮಿನ ಮೇಲಿಂದ ಕೆಳಗೆ ಹುಡುಕತೊಡಗಿದರು.